ಅಪ್ಪ-ಅಮ್ಮನ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿಸುವುದು ಹೇಗೆ?

ಹಿರಿಯರೊಬ್ಬರಿಗೆ ಶುಗರ್ ಅಂತ ರಿಪೋರ್ಟ್ ಬಂದ ವಾರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತದೆ. ಕಾಫಿಗೆ ಸಕ್ಕರೆ ನಿಲ್ಲುತ್ತದೆ. ಹೋಳಿಗೆ ಡಬ್ಬಿ ಮೇಲಿನ ಶೆಲ್ಫಿಗೆ ಹೋಗುತ್ತದೆ. ರಾತ್ರಿ ಅನ್ನದ ಬದಲು ಚಪಾತಿ ಬರುತ್ತದೆ, ಅದೂ ಮೂರೋ ನಾಲ್ಕೋ. ಮಧ್ಯಾಹ್ನದ ಮುದ್ದೆ ಇನ್ನೂ ಸ್ವಲ್ಪ ದಪ್ಪಗಾಗುತ್ತದೆ, ‘ರಾಗಿ ಒಳ್ಳೇದಲ್ವಾ’ ಅಂತ. ಮೂರು ತಿಂಗಳಾದ ಮೇಲೆ ಟೆಸ್ಟ್ ಮಾಡಿಸಿದರೆ ನಂಬರ್ ಅಲ್ಲೇ ನಿಂತಿರುತ್ತದೆ. ಮಾತ್ರೆ ಒಂದು ಜಾಸ್ತಿ ಆಗುತ್ತದೆ.

ಅವರು ಪಥ್ಯ ಮಾಡಲಿಲ್ಲ ಅಂತ ಹೇಳುವ ಹಾಗಿಲ್ಲ. ಪಾಪ, ಸಿಹಿ ಬಿಟ್ಟಿದ್ದಾರೆ. ಆದರೆ ದಿನವಿಡೀ ಹೊಟ್ಟೆಗೆ ಹೋಗುವ ಅನ್ನ, ಮುದ್ದೆ, ಚಪಾತಿ, ಇಡ್ಲಿ, ಅವಲಕ್ಕಿ ಎಲ್ಲವೂ ಒಳಗೆ ಹೋಗಿ ಸಕ್ಕರೆಯೇ ಆಗುತ್ತದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಹಯೋಗದಲ್ಲಿ ದೇಶದಾದ್ಯಂತ ನಡೆದ ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ (ಅಂದರೆ ಪಿಷ್ಟ, ಸಕ್ಕರೆ; ಚಿಕ್ಕದಾಗಿ ಕಾರ್ಬ್) ಬರುತ್ತದೆ ಅಂತ ಇದೇ ಅಧ್ಯಯನದ 2025ರ ವರದಿ ಹೇಳಿದೆ.

ಹಾಗಾಗಿ ಅನ್ನ-ಮುದ್ದೆ ಕಡಿಮೆ ಮಾಡುವುದು ಒಳ್ಳೆಯ ದಾರಿ. ಕಷ್ಟ ಇರುವುದು ಒಪ್ಪಿಸುವುದರಲ್ಲಿ. ಐವತ್ತು-ಅರವತ್ತು ವರ್ಷ ಅನ್ನ ಉಂಡವರಿಗೆ ‘ನಾಳೆಯಿಂದ ಅನ್ನ ಬಿಡಿ’ ಅಂದರೆ ಅವರು ಕೇಳುವುದಿಲ್ಲ. ಕೇಳಲೂಬಾರದು ಅಂತ ನನ್ನ ಅಭಿಪ್ರಾಯ. ಬಿಡಿಸುವ ಮಾತೇ ಬೇಡ. ತಟ್ಟೆಯಲ್ಲಿ ಯಾವುದು ಮೊದಲು, ಯಾವುದು ಎಷ್ಟು ಅನ್ನುವುದನ್ನು ಬದಲಾಯಿಸಿದರೆ ಸಾಕು.

ಮೊದಲು ಮಾತ್ರೆ ಚೀಟಿ ನೋಡಿ

ಅಡುಗೆಮನೆಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ದಯವಿಟ್ಟು ಇದನ್ನು ದಾಟಿ ಮುಂದೆ ಹೋಗಬೇಡಿ.

ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ನುಂಗುತ್ತಿದ್ದರೆ, ಅನ್ನ ದಿಢೀರನೆ ಕಡಿಮೆಯಾದಾಗ ಶುಗರ್ ತೀರಾ ಇಳಿದುಬಿಡಬಹುದು. ಈ ಔಷಧದ ಡೋಸ್ ನಿಗದಿಯಾಗಿರುವುದು ಹಳೆಯ ಊಟಕ್ಕೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಚೀಟಿಯಲ್ಲಿದ್ದರೆ ಅಪಾಯ ಬೇರೆ ಥರದ್ದು. ಕಾರ್ಬ್ ತೀರಾ ಕಡಿಮೆ ಮಾಡಿದರೆ ಅಥವಾ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು, ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ ಸಹ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಪಿ ಇಳಿದು ತಲೆ ಸುತ್ತಬಹುದು. ಕಿಡ್ನಿ ತೊಂದರೆ ಇದ್ದರೆ ಮೊಟ್ಟೆ, ಕಾಳು, ಪನೀರ್ ಎಷ್ಟು ತಿನ್ನಬಹುದು ಅಂತ ಡಾಕ್ಟರೇ ಹೇಳಬೇಕು. ಬಸುರಿಯರು, ಟೈಪ್ 1 (ಮೈಯಲ್ಲಿ ಇನ್ಸುಲಿನ್ ತಯಾರಾಗದ ಥರದ ಸಕ್ಕರೆ ಕಾಯಿಲೆ) ಇರುವವರು, ಈಗಾಗಲೇ ತೂಕ ತೀರಾ ಕಡಿಮೆ ಇರುವವರು ಮನೆಯಲ್ಲಿ ತಾವೇ ಪ್ರಯೋಗ ಮಾಡುವ ಹಾಗಿಲ್ಲ.

ಡಾಕ್ಟರ ಬಳಿ ನೇರವಾಗಿ ಕೇಳಿ: ‘ಅಪ್ಪನ ಊಟದಲ್ಲಿ ಅನ್ನ ಅರ್ಧ ಮಾಡಬೇಕು ಅಂತಿದ್ದೀವಿ, ಮಾತ್ರೆ ಬದಲಾಯಿಸಬೇಕಾ?’ ಇಷ್ಟು ಕೇಳಿದರೆ ಸಾಕು.

ಶುಗರ್ 70ಕ್ಕಿಂತ ಕೆಳಗಿಳಿದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಮಕ್ಕಳಿಗೂ.

ಲೆಕ್ಕ ನಿಮಗೆ ಮೊದಲು ಗೊತ್ತಿರಲಿ

‘ಅನ್ನ ಬಿಟ್ಟು ರಾಗಿ ತಿನ್ನು’, ‘ಸಿರಿಧಾನ್ಯ ತಿನ್ನು’, ‘ಗೋಧಿ ಒಳ್ಳೇದು’. ಈ ಮೂರು ಸಲಹೆ ಎಲ್ಲ ನೆಂಟರ ಬಾಯಲ್ಲೂ ಇರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದೆ. ರಾಗಿ, ಗೋಧಿ, ಜೋಳದಲ್ಲಿ 65ರಿಂದ 70ರ ಆಸುಪಾಸು. ವ್ಯತ್ಯಾಸ ಇದೆ, ಆದರೆ ಅಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ ತುಂಬಾ ಜಾಸ್ತಿ. ಅಕ್ಕಿಗಿಂತ ಅದು ಒಳ್ಳೆಯದೇ. ಆದರೆ 100 ಗ್ರಾಂ ಹಿಟ್ಟು ಹಿಡಿಯುವ ಮುದ್ದೆ ನುಂಗಿ, ಮೇಲೆ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ ಅಂದರೆ ಮುದ್ದೆಯಿಂದ ಬಂದ ಲಾಭ ಅಲ್ಲಿಗೇ ಹೋಯಿತು. ಇಂಡಿಯಾಬ್ ವರದಿಯೂ ಇದನ್ನೇ ಹೇಳುತ್ತದೆ. ಅಕ್ಕಿ ತೆಗೆದು ಆ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದರೆ ಅಪಾಯ ಕಡಿಮೆ ಆಗಲಿಲ್ಲ. ಕಾರ್ಬಿನ ಒಂದು ಪಾಲು ತೆಗೆದು ಆ ಜಾಗಕ್ಕೆ ಕಾಳು-ಬೇಳೆ, ಹಾಲು-ಮೊಸರಿನ ಪ್ರೋಟೀನ್ ತಂದರೆ ಕಡಿಮೆ ಆಯಿತು.

ಸಕ್ಕರೆ ಬದಲು ಬೆಲ್ಲ ಹಾಕುವುದೂ ಹಾಗೆಯೇ. ರಕ್ತಕ್ಕೆ ಎರಡೂ ಒಂದೇ.

ಇಂಗ್ಲೆಂಡಿನಲ್ಲಿ ಡಾ. ಡೇವಿಡ್ ಅನ್ವಿನ್ ಅಂತ ಒಬ್ಬ ಸಾಮಾನ್ಯ ವೈದ್ಯರಿದ್ದಾರೆ. ಅವರು ರೋಗಿಗಳಿಗೆ ಊಟದ ಲೆಕ್ಕವನ್ನು ಸಕ್ಕರೆ ಚಮಚದಲ್ಲಿ ತೋರಿಸುತ್ತಾರೆ. ಅವರ ಲೆಕ್ಕದಲ್ಲಿ 150 ಗ್ರಾಂ ಅನ್ನ ರಕ್ತದ ಶುಗರನ್ನು ಏರಿಸುವುದು ಸುಮಾರು 10 ಟೀ ಚಮಚ ಸಕ್ಕರೆಯಷ್ಟು. ಹಿರಿಯರಿಗೆ ಗ್ರಾಂ, ಕ್ಯಾಲೊರಿ ತಲೆಗೆ ಹೋಗುವುದಿಲ್ಲ. ಚಮಚ ಹೋಗುತ್ತದೆ. ಅನ್ನದ ಪಕ್ಕ ಒಂದು ಬಟ್ಟಲಲ್ಲಿ ಹತ್ತು ಚಮಚ ಸಕ್ಕರೆ ಸುರಿದು ಒಂದು ಸಲ ತೋರಿಸಿ. ಒಂದೇ ಸಲ. ದಿನಾ ತೋರಿಸಿದರೆ ಹಂಗಿಸಿದ ಹಾಗೆ ಆಗುತ್ತದೆ.

ಗುರಿ ಎಷ್ಟು ಇಟ್ಟುಕೊಳ್ಳಬೇಕು? ಕೀಟೋ ಅಂತ ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬ್ ತಿನ್ನುವ ಪದ್ಧತಿ ಇದೆ. ನಮ್ಮ ಹಿರಿಯರಿಗೆ ನಾನು ಅದನ್ನು ಹೇಳುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದು ಬಹಳ ದಿನ ನಡೆಯುವುದಿಲ್ಲ, ಮಾತ್ರೆ ನುಂಗುವವರಿಗೆ ಅಪಾಯವೂ ಜಾಸ್ತಿ. ದಿನಕ್ಕೆ 130 ಗ್ರಾಂ ಒಳಗೆ ಇದ್ದರೆ ಅದನ್ನೇ ಲೋ ಕಾರ್ಬ್ ಅನ್ನುತ್ತಾರೆ. ಅಲ್ಲಿಯವರೆಗೂ ಹೋಗಲಾಗದಿದ್ದರೆ ಬೇಡ, ಈಗ ತಿನ್ನುವುದರ ಅರ್ಧಕ್ಕೆ ಬಂದರೂ ದೊಡ್ಡ ಕೆಲಸವೇ.

ಅಡುಗೆ ಮಾಡುವವರ ಜೊತೆ ಕೂತು ಮಾತಾಡಿ

ಅಪ್ಪನಿಗೆ ಶುಗರ್ ಇದ್ದರೆ ಮೊದಲು ಒಪ್ಪಬೇಕಾದವರು ಅಮ್ಮ. ಬಹಳ ಮನೆಗಳಲ್ಲಿ ಸೌಟು ಅವರ ಕೈಯಲ್ಲಿರುತ್ತದೆ. ‘ಇನ್ನೊಂಚೂರು ಹಾಕ್ಲಾ’ ಅಂತ ಕೇಳುತ್ತಲೇ ಹಾಕಿಬಿಡುವುದು ಅವರ ಪ್ರೀತಿ. ಆ ಪ್ರೀತಿಗೆ ಬೇರೆ ದಾರಿ ತೋರಿಸಬೇಕೇ ಹೊರತು ಅದನ್ನು ತಪ್ಪು ಅನ್ನಬಾರದು. ‘ಅಮ್ಮಾ, ಇನ್ನೊಂಚೂರು ಹಾಕೋದು ಪಲ್ಯ ಆಗಲಿ’ ಅನ್ನಿ.

ಅಪ್ಪನಿಗೆ ಅಂತ ಬೇರೆ ಅಡುಗೆ ಮಾಡಿಸಬೇಡಿ. ಇದು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಅಮ್ಮನಿಗೆ ಕೆಲಸ ಎರಡರಷ್ಟಾಗುತ್ತದೆ. ಅಪ್ಪನಿಗೆ ‘ನಾನು ರೋಗಿ’ ಅನ್ನಿಸುತ್ತದೆ. ಅದೇ ಸಾರು, ಅದೇ ಪಲ್ಯ ಎಲ್ಲರಿಗೂ ಇರಲಿ, ಬಡಿಸುವ ಪ್ರಮಾಣ ಮಾತ್ರ ಬೇರೆಯಾಗಲಿ. ತರಕಾರಿ, ಕಾಳು ತರುವುದು, ಸೊಪ್ಪು ಬಿಡಿಸುವುದು, ಹೆಚ್ಚಿಕೊಡುವುದು ನಿಮ್ಮ ಪಾಲಿಗಿರಲಿ. ಸೊಪ್ಪು ಬಿಡಿಸಿಕೊಡದೆ ‘ಸೊಪ್ಪು ಜಾಸ್ತಿ ಮಾಡು’ ಅಂದರೆ ಯಾವ ಅಮ್ಮ ಕೇಳುತ್ತಾಳೆ?

ಮಾತು ತೆಗೆಯುವುದು ಹೇಗೆ

ಊಟಕ್ಕೆ ಕೂತಾಗ ಬೇಡ. ನೆಂಟರ ಮುಂದೆ ಬೇಡ. ರಿಪೋರ್ಟ್ ಬಂದ ದಿನವೂ ಬೇಡ, ಅವತ್ತು ಅವರಿಗೆ ಹೆದರಿಕೆ ಇರುತ್ತದೆ. ಎರಡು ದಿನ ಬಿಟ್ಟು, ಸಂಜೆ ವಾಕಿಂಗ್ ಹೋದಾಗ ಮಾತಾಡಿ.

‘ಅಪ್ಪ, ಹದಿನೈದು ದಿನ ಒಂದು ಪ್ರಯತ್ನ ಮಾಡಿ ನೋಡೋಣ್ವಾ? ಆಗಲಿಲ್ಲ ಅಂದ್ರೆ ಬಿಟ್ಬಿಡೋಣ.’

‘ಏನೋ ಅದು?’

‘ಅನ್ನ ಬಿಡೋದೇನೂ ಬೇಡ. ಮೊದಲು ಪಲ್ಯ, ಕಾಳು ತಿನ್ನಿ. ಅನ್ನ ಆಮೇಲೆ, ಸ್ವಲ್ಪ.’

‘ಅನ್ನ ಇಲ್ದಿದ್ರೆ ಊಟ ಮಾಡ್ದಂಗೆ ಆಗಲ್ಲ ಕಣೋ.’

‘ಇರುತ್ತಪ್ಪ. ಮಜ್ಜಿಗೆಗೆ ಒಂದು ಸೌಟು ಇದ್ದೇ ಇರುತ್ತೆ.’

ಹೀಗೆ. ಮಜ್ಜಿಗೆ ಅನ್ನವನ್ನು ಮುಟ್ಟುವುದಿಲ್ಲ ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೈಕಾಲು ಹೋಗುತ್ತದೆ, ಕಣ್ಣು ಹೋಗುತ್ತದೆ ಅಂತ ಹೆದರಿಸುವುದರಿಂದ ಪ್ರಯೋಜನ ಇಲ್ಲ. ಹೆದರಿದವರು ಬಚ್ಚಿಟ್ಟು ತಿನ್ನುತ್ತಾರೆ. ಅದಕ್ಕಿಂತ ಅವರಿಗೆ ಏನು ಬೇಕು ಅಂತ ಕೇಳಿ. ಮೊಮ್ಮಗಳ ಜೊತೆ ಬೆಟ್ಟ ಹತ್ತಬೇಕಾ? ರಾತ್ರಿ ನಾಲ್ಕು ಸಲ ಏಳುವುದು ತಪ್ಪಬೇಕಾ? ತೋಟಕ್ಕೆ ಹೋಗಿ ಬಂದರೆ ಸುಸ್ತಾಗಬಾರದಾ? ಅದನ್ನೇ ಗುರಿ ಅಂತ ಇಟ್ಟುಕೊಳ್ಳಿ.

ನಿಮ್ಮ ಬದಲು ಮೀಟರ್ ಮಾತಾಡಲಿ

ಮಕ್ಕಳ ಮಾತಿಗಿಂತ ಹಿರಿಯರು ಮೀಟರಿನ ನಂಬರನ್ನು ಬೇಗ ನಂಬುತ್ತಾರೆ. ಒಂದು ಗ್ಲುಕೋಮೀಟರ್, ಒಂದು ಡಬ್ಬಿ ಸ್ಟ್ರಿಪ್, ಒಂದು ಹಳೆಯ ನೋಟ್‌ಬುಕ್ ಸಾಕು. ಸ್ಟ್ರಿಪ್‌ಗೆ ದುಡ್ಡಾಗುತ್ತದೆ, ಅದಕ್ಕೆ ದಿನಾ ಚುಚ್ಚುವುದು ಬೇಡ. ವಾರಕ್ಕೆ ಎರಡು ದಿನ, ಒಂದು ಊಟ ಆರಿಸಿಕೊಂಡು ನೋಡಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರ್ ಹೇಳಿದಷ್ಟು ಸಲ ನೋಡಲೇಬೇಕು.

ಊಟಕ್ಕೆ ಮೊದಲು ಒಂದು ಸಲ. ಮೊದಲ ತುತ್ತು ತಿಂದ ಹೊತ್ತಿನಿಂದ ಎರಡು ಗಂಟೆ ಆದ ಮೇಲೆ ಇನ್ನೊಂದು ಸಲ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಲಿ. ಬಾಳೆಹಣ್ಣು ಮುಟ್ಟಿದ ಬೆರಳಾದರೆ ನಂಬರ್ ಸುಳ್ಳು ಹೇಳುತ್ತದೆ. ಬೆರಳ ತುದಿಯ ಮಧ್ಯಕ್ಕೆ ಚುಚ್ಚಿದರೆ ನೋವು ಜಾಸ್ತಿ, ಬದಿಯಲ್ಲಿ ಚುಚ್ಚಿ. ಊಟದ ನಂತರ 180ರ ಒಳಗೆ ಇರಬೇಕು ಅನ್ನುವುದು ಸಾಮಾನ್ಯ ಗುರಿ. ವಯಸ್ಸಾದವರಿಗೆ ಡಾಕ್ಟರ್ ಸ್ವಲ್ಪ ಸಡಿಲ ಮಾಡಿ ಹೇಳಬಹುದು.

ನಮ್ಮ ಅಪ್ಪ ಹಾಸನದ ಕಡೆಯವರು, ಬೆಳಗ್ಗೆ ನಾಲ್ಕು ಇಡ್ಲಿ ಅವರ ಲೆಕ್ಕ. ನಾಲ್ಕು ಇಡ್ಲಿ ತಿಂದ ದಿನ 228 ಬಂತು. ಎರಡು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಚಟ್ನಿ ತಿಂದ ದಿನ 160ರ ಹತ್ತಿರ ಬಂತು. ಕನ್ನಡಕ ಏರಿಸಿಕೊಂಡು ಎರಡೂ ನಂಬರನ್ನು ಅವರೇ ಬರೆದರು. ಆಮೇಲೆ ಅವಲಕ್ಕಿಗೆ ಎಷ್ಟು ಬರುತ್ತೆ, ಉಪ್ಪಿಟ್ಟಿಗೆ ಎಷ್ಟು ಬರುತ್ತೆ ಅಂತ ಅವರೇ ನೋಡತೊಡಗಿದರು. ಪೆನ್ನು ಅವರ ಕೈಯಲ್ಲೇ ಇರಲಿ. ಒಬ್ಬೊಬ್ಬರ ಮೈ ಒಂದೊಂದು ಥರ, ನಿಮ್ಮವರಿಗೆ ಬೇರೆ ನಂಬರ್ ಬರಬಹುದು.

ಬೆಳಗಿನ ತಿಂಡಿಯಿಂದ ಶುರು ಮಾಡಿ

ಮೂರು ಹೊತ್ತನ್ನೂ ಒಟ್ಟಿಗೆ ಬದಲಾಯಿಸಲು ಹೋದರೆ ಮೂರೂ ಕೈಬಿಡುತ್ತವೆ. ತಿಂಡಿ ಒಂದನ್ನೇ ಮೊದಲು ಹಿಡಿಯಿರಿ. ನಮ್ಮ ತಿಂಡಿ ನೋಡಿ: ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಶಾವಿಗೆ. ಎಲ್ಲವೂ ಹಿಟ್ಟು, ಇಲ್ಲವೇ ಅಕ್ಕಿ, ಇಲ್ಲವೇ ರವೆ. ಪ್ರೋಟೀನ್ ಹುಡುಕಬೇಕು.

ಹೆಸರುಕಾಳು ರಾತ್ರಿ ನೆನೆಸಿ, ಬೆಳಗ್ಗೆ ಹಸಿಮೆಣಸು, ಶುಂಠಿ, ಜೀರಿಗೆ ಹಾಕಿ ರುಬ್ಬಿ ದೋಸೆ ಹುಯ್ಯಿರಿ. ಕಾವಲಿ ಮೇಲೆ ದೋಸೆ ಕಾಣಿಸಿದರೆ ಹಿರಿಯರಿಗೆ ಸಮಾಧಾನ. ಅಕ್ಕಿ ರೊಟ್ಟಿ ಬೇಕೇ ಬೇಕು ಅನ್ನುವ ಮನೆಯಲ್ಲಿ ಅಕ್ಕಿಹಿಟ್ಟು ಅರ್ಧಕ್ಕೆ ಇಳಿಸಿ. ಆ ಜಾಗಕ್ಕೆ ಕಡಲೆಹಿಟ್ಟು, ಸಬ್ಬಸಿಗೆ ಸೊಪ್ಪು, ಅವರೆಕಾಳು, ತುರಿದ ಸೌತೆಕಾಯಿ ಬರಲಿ. ಒಂದೇ ರೊಟ್ಟಿ, ಜೊತೆಗೆ ಮೊಸರು. ಉಪ್ಪಿಟ್ಟಿಗೆ ರವೆಗಿಂತ ತರಕಾರಿ, ಕಡಲೆಕಾಯಿ ಜಾಸ್ತಿ ಇರಲಿ. ಮೊಟ್ಟೆ ತಿನ್ನುವವರಿಗೆ ಕೆಲಸ ಸುಲಭ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಕಾರ್ಬ್ ಒಂದು ಗ್ರಾಂ ಕೂಡ ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಒಂದು ಜೋಳದ ರೊಟ್ಟಿಗೆ ಝುಣಕ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಹೊಂದಿಸಿದರೆ ಎರಡನೇ ರೊಟ್ಟಿ ತಾನಾಗೇ ಕಡಿಮೆ ಆಗುತ್ತದೆ.

ರಾಗಿ ಗಂಜಿ, ರಾಗಿ ಮಾಲ್ಟ್ ಬಗ್ಗೆ ಒಂದು ಮಾತು. ತೆಳ್ಳಗೆ ಕುಡಿದ ಹಿಟ್ಟು ಅಗಿದು ತಿಂದ ಹಿಟ್ಟಿಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಅದಕ್ಕೆ ಬೆಲ್ಲವನ್ನೂ ಹಾಕಿ ‘ಆರೋಗ್ಯಕ್ಕೆ’ ಅಂತ ಕೊಡುವುದು ಬೇಡ.

ಮಧ್ಯಾಹ್ನದ ತಟ್ಟೆ

ನಮ್ಮ ಅಡುಗೆಯಲ್ಲೇ ಉತ್ತರ ಇದೆ. ಬಸ್ಸಾರು ಮಾಡಿದ ದಿನ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದು, ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಬಸಿದ ಸೊಪ್ಪು-ಕಾಳಿಗೆ ಒಗ್ಗರಣೆ, ತೆಂಗಿನ ತುರಿ ಹಾಕಿದರೆ ಪಲ್ಯ. ನಾವು ಮಾಡುವುದೇನು? ಸಾರಿನಲ್ಲಿ ಅನ್ನ ಮುಳುಗಿಸಿ, ಪಲ್ಯವನ್ನು ತಟ್ಟೆ ಅಂಚಿನಲ್ಲಿ ಒಂದು ಚಮಚ ಇಟ್ಟುಕೊಳ್ಳುತ್ತೇವೆ. ಇದನ್ನು ತಿರುಗಿಸಬೇಕು, ಅಷ್ಟೇ. ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ. ಕಾಲು ಭಾಗ ಕಾಳು, ಮೀನು, ಕೋಳಿ, ಮೊಟ್ಟೆ ಅಥವಾ ಪನೀರ್. ಉಳಿದ ಕಾಲು ಭಾಗ ಅನ್ನ, ಇಲ್ಲವೇ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ. ಎರಡೂ ಒಟ್ಟಿಗೆ ಬೇಡ.

ತಿನ್ನುವ ಕ್ರಮವೂ ಮುಖ್ಯ. ಮೊದಲು ತರಕಾರಿ, ಕಾಳು. ಅನ್ನ ಕೊನೆಗೆ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಶುಗರ್ ಏರುವುದು ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ಹೊಟ್ಟೆ ಮೊದಲೇ ಅರ್ಧ ತುಂಬಿರುತ್ತದೆ, ಎರಡನೇ ಸಲ ಅನ್ನಕ್ಕೆ ಕೈ ಹೋಗುವುದಿಲ್ಲ. ಅನ್ನದ ಪಾತ್ರೆಯನ್ನು ಒಳಗೇ ಬಿಟ್ಟು, ಪಲ್ಯದ ಪಾತ್ರೆಯನ್ನು ಮಾತ್ರ ಊಟದ ಜಾಗಕ್ಕೆ ತನ್ನಿ. ಊಟ ಆದ ಮೇಲೆ ಹತ್ತು-ಹದಿನೈದು ನಿಮಿಷ ಅಂಗಳದಲ್ಲೋ ಟೆರೇಸ್ ಮೇಲೋ ಅಡ್ಡಾಡಿದರೆ ಇನ್ನೂ ಒಳ್ಳೆಯದು. ಜೊತೆಗೆ ನೀವೂ ನಡೆಯಿರಿ.

ಕಾಳಿನಲ್ಲೂ ಕಾರ್ಬ್ ಇದೆ, ಅದನ್ನು ಮರೆಯಬಾರದು. ನಾರು, ಪ್ರೋಟೀನ್ ಜೊತೆಗಿರುವುದರಿಂದ ನಿಧಾನಕ್ಕೆ ಏರುತ್ತದೆ. ಆಲೂಗಡ್ಡೆ, ಗೆಣಸು, ಮರಗೆಣಸನ್ನು ಪಲ್ಯದ ಲೆಕ್ಕಕ್ಕೆ ಹಿಡಿಯಬೇಡಿ, ಅನ್ನದ ಲೆಕ್ಕಕ್ಕೆ ಹಿಡಿಯಿರಿ. ಹೀರೆಕಾಯಿ, ಸೋರೆಕಾಯಿ, ತೊಂಡೆಕಾಯಿ, ಬದನೆ, ಎಲೆಕೋಸು, ಹುರುಳಿಕಾಯಿ, ಯಾವುದೇ ಸೊಪ್ಪು ಬೇಕಾದಷ್ಟು ತಿನ್ನಲಿ. ‘ಕಾರ್ಬ್ ಇಲ್ವಲ್ಲ’ ಅಂತ ಬೆಣ್ಣೆ, ತುಪ್ಪ ಸುರಿಯಬೇಡಿ. ಹೃದಯದ ತೊಂದರೆ, ಕೊಲೆಸ್ಟ್ರಾಲ್ ಇರುವವರಿಗೆ ಅದು ಬೇರೆ ತಲೆನೋವು. ಕಡಲೆಕಾಯಿ, ಬಾದಾಮಿ, ಎಳ್ಳು, ಹುಚ್ಚೆಳ್ಳು, ಅಗಸೆಯಿಂದ ಕೊಬ್ಬು ಬರಲಿ.

ಮೊದಲ ಎರಡು ವಾರ ಮಲಬದ್ಧತೆ, ಸ್ವಲ್ಪ ಸುಸ್ತು ಕೆಲವರಿಗೆ ಆಗುತ್ತದೆ. ನೀರು, ಸೊಪ್ಪು, ನೀರುಮಜ್ಜಿಗೆ ಜಾಸ್ತಿ ಮಾಡಿ. ಸುಸ್ತು ಕಡಿಮೆ ಆಗದಿದ್ದರೆ ಶುಗರ್, ಬಿಪಿ ಎರಡನ್ನೂ ನೋಡಿ ಡಾಕ್ಟರಿಗೆ ಫೋನ್ ಮಾಡಿ.

ಸಂಜೆ ನಾಲ್ಕು ಗಂಟೆ

ಬಹಳ ಮನೆಗಳಲ್ಲಿ ಎಲ್ಲ ಕೆಡುವುದು ಇಲ್ಲೇ. ಸಕ್ಕರೆ ಇಲ್ಲದ ಕಾಫಿ, ಜೊತೆಗೆ ನಾಲ್ಕು ಮಾರಿ ಬಿಸ್ಕತ್ತು. ಒಂದು ಬಿಸ್ಕತ್ತಲ್ಲಿ ಸುಮಾರು 5 ಗ್ರಾಂ ಕಾರ್ಬ್ ಇದೆ, ನಾಲ್ಕಕ್ಕೆ 20. ರಸ್ಕ್, ಖಾರಾ ಬನ್, ಮಂಡಕ್ಕಿ ಎಲ್ಲವೂ ಇದೇ ಗುಂಪು. ‘ಶುಗರ್ ಫ್ರೀ’ ಬಿಸ್ಕತ್ತಿನಲ್ಲೂ ಇರುವುದು ಮೈದಾ ಅಥವಾ ಗೋಧಿ ಹಿಟ್ಟೇ. ಬಿಸ್ಕತ್ತು ಡಬ್ಬಿ ಇರುವ ಜಾಗದಲ್ಲೇ ಹುರಿದ ಕಡಲೆಕಾಯಿ ಡಬ್ಬಿ ಇಡಿ. ಕೈ ಹೋಗುವುದು ಅಭ್ಯಾಸದಿಂದ. ಬೇಯಿಸಿದ ಕಡಲೆಕಾಯಿ, ಹೆಸರುಕಾಳು ಉಸ್ಲಿ, ಸೌತೆಕಾಯಿಗೆ ಉಪ್ಪು-ಖಾರ ಕೂಡ ಆಗುತ್ತದೆ. ಹಣ್ಣು ಬೇಕು ಅಂದರೆ ಸೀಬೆ, ಪಪ್ಪಾಯ ಇರಲಿ, ಜ್ಯೂಸ್ ಮಾಡದೆ ಹಾಗೇ ತಿನ್ನಲಿ.

ಹಬ್ಬ, ಮದುವೆ, ನೆಂಟರು

ಮದುವೆ ಊಟಕ್ಕೆ ಹೋಗಬೇಡಿ ಅನ್ನಬೇಡಿ. ಎಲೆಯ ಮೇಲೆ ಮೊದಲು ಬರುವುದೇ ಕೋಸಂಬರಿ, ಪಲ್ಯ. ಅದನ್ನು ಎರಡು ಸಲ ಹಾಕಿಸಿಕೊಳ್ಳಲಿ. ಹೋಳಿಗೆ ಬೇಕೆನಿಸಿದರೆ ಒಂದರಲ್ಲಿ ಅರ್ಧ ತಿಂದು ಅವತ್ತು ಅನ್ನ ಬಿಡಲಿ. ಸಂಜೆ ಸ್ವಲ್ಪ ಜಾಸ್ತಿ ನಡೆಯಲಿ. ಮರುದಿನ ಬೆಳಗ್ಗೆ ಹೆಸರುಕಾಳು ದೋಸೆ, ಎಂದಿನ ಹಾಗೆ. ನಿನ್ನೆಯ ಮಾತು ಎತ್ತಲೇಬೇಡಿ.

ಕದ್ದು ತಿಂದದ್ದು ಕಣ್ಣಿಗೆ ಬಿದ್ದರೂ ಹಾಗೆಯೇ. ಜೇಬಲ್ಲಿ ಮಿಠಾಯಿ ಕಾಗದ ಸಿಕ್ಕಿದರೆ ಸುಮ್ನೆ ಇದ್ದುಬಿಡಿ. ವಯಸ್ಸಾದವರನ್ನು ಮಕ್ಕಳ ಹಾಗೆ ಗದರುವುದು ಅವರ ಮರ್ಯಾದೆಗೆ ಪೆಟ್ಟು. ಆಮೇಲೆ ಅವರು ನಿಮಗೆ ಯಾವ ನಂಬರನ್ನೂ ತೋರಿಸುವುದಿಲ್ಲ. ಇನ್ನು, ಪೂರ್ತಿ ಒಪ್ಪದೆ ತಿಂಡಿ ಒಂದನ್ನು ಮಾತ್ರ ಬದಲಾಯಿಸಿದರು ಅನ್ನಿ, ಅಷ್ಟಕ್ಕೇ ಖುಷಿಪಡಿ. ಮೂರು ತಿಂಗಳು ಅಷ್ಟೇ ನಡೆದರೂ ಉಪಯೋಗ ಇದೆ.

ಮೂರು ತಿಂಗಳ ಟೆಸ್ಟ್

ಎಚ್‌ಬಿಎ1ಸಿ ಅನ್ನುವುದು ರಕ್ತದ ಟೆಸ್ಟ್, ಹಿಂದಿನ ಎರಡು-ಮೂರು ತಿಂಗಳ ಶುಗರಿನ ಸರಾಸರಿ ಹೇಳುತ್ತದೆ. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಮತ್ತು ಮೇಲಾದರೆ ಸಕ್ಕರೆ ಕಾಯಿಲೆ. ಶುರು ಮಾಡುವ ಮುಂಚಿನದ್ದೂ ಮೂರು ತಿಂಗಳ ನಂತರದ್ದೂ ಎರಡೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಜೊತೆಗೆ ಕೊಲೆಸ್ಟ್ರಾಲ್, ಕಿಡ್ನಿಯ ಕ್ರಿಯಾಟಿನಿನ್ ಕೂಡ ನೋಡಿಸಿ.

ಕಡಿಮೆ ಆಗಿದ್ದರೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಯಾವ ಮಾತ್ರೆ ಮೊದಲು ಕಡಿಮೆ ಮಾಡಬಹುದು ಅಂತ ಅವರು ಹೇಳಲಿ. ನಂಬರ್ ಚೆನ್ನಾಗಿ ಬಂತು ಅಂತ ಅಪ್ಪ ತಾವಾಗಿಯೇ ಮಾತ್ರೆ ನಿಲ್ಲಿಸಲು ಬಿಡಬೇಡಿ. ಕಡಿಮೆ ಆಗದಿದ್ದರೆ ಅವರನ್ನು ದೂರುವ ಮೊದಲು ನಿದ್ದೆ ಹೇಗಿದೆ, ಸೋಂಕು ಏನಾದರೂ ಇತ್ತಾ, ಬೇರೆ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟಿದ್ದರಾ ಅಂತ ವಿಚಾರಿಸಿ. ಇವೆಲ್ಲವೂ ಶುಗರ್ ಏರಿಸುತ್ತವೆ. ಕೆಲವರಿಗೆ ಊಟ ಎಷ್ಟು ಸರಿ ಮಾಡಿದರೂ ಮಾತ್ರೆ ಬೇಕೇ ಬೇಕಾಗುತ್ತದೆ, ಅದು ಅವರ ತಪ್ಪಲ್ಲ.

ಈ ಮೂರು ತಿಂಗಳಲ್ಲಿ ಯಾವುದನ್ನು ಬಿಟ್ಟಿರುವುದು ತೀರಾ ಕಷ್ಟ ಆಯಿತು ಅಂತ ಅವತ್ತೇ ಅಪ್ಪನನ್ನು ಕೇಳಿ. ಮಸಾಲೆ ದೋಸೆ ಅಂದರೆ ತಿಂಗಳಿಗೊಂದು ಭಾನುವಾರ ಅದಕ್ಕೆ ಇಟ್ಟು, ಮುಂದಿನ ಮೂರು ತಿಂಗಳಿಗೆ ಹೊಸ ನೋಟ್‌ಬುಕ್ ತಂದುಕೊಡಿ.